ಅಪ್‌ಡೇಟ್: ಸ್ಪ್ರಿಂಕ್ಲರ್ ಇಂಜಿನ್ನಿನ ಆಯಿಲ್ ಸೋರುವುದು ನಿಂತಿತು

ಮೂಡಿಗೆರೆ ತೋಟದ ಹಳೇ ಡೀಸೆಲ್ ಇಂಜಿನ್ನಿನಲ್ಲಿ ಫ್ಲೈವೀಲ್ ಪಕ್ಕ ಆಯಿಲ್ ಸೋರುತ್ತಿದೆ ಎಂದು ಹೋದ ವಾರ ಕೇಳಿದ್ದೆ. ಈಗ ನಿಂತಿದೆ!

ಮೊದಲು ಆಯಿಲ್ ಸೀಲ್ (ಆಯಿಲ್ ಹೊರಬರದಂತೆ ತಡೆಯುವ ರಬ್ಬರ್ ಬಳೆ) ಬದಲಾಯಿಸಿದೆ. 2 ದಿನಕ್ಕೆ ಮತ್ತೆ ಶುರು. ಸಂಪ್ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಬೋಲ್ಟ್ ಬಿಗಿ ಮಾಡಿದ್ದೂ ಉಪಯೋಗಕ್ಕೆ ಬರಲಿಲ್ಲ. ‘ಬ್ರೀದರ್ (ಇಂಜಿನ್ ಒಳಗಿನ ಗಾಳಿ ಹೊರಗೆ ಹೋಗುವ ಪೈಪ್) ನೋಡಿ’ ಎಂದವರ ಮಾತೇ ಸರಿಯಾಯಿತು.

ಎಲ್ಲಿಂದ ಸೋರುತ್ತಿದೆ ಎಂದು ನೋಡಲು ಇಂಜಿನ್ ಚೆನ್ನಾಗಿ ಒರೆಸಿ, ಮುಖದ ಪೌಡರ್ ಉದುರಿಸಿ 10 ನಿಮಿಷ ಓಡಿಸಿದೆ. ಬಿಳಿ ಪುಡಿಯ ಮೇಲೆ ಹೊಸ ಸೀಲಿನ ಅಂಚಿನಿಂದಲೇ ಕಪ್ಪು ಗೆರೆ ಇಳಿಯಿತು. ಬ್ರೀದರ್ ಪೈಪ್ ಬಿಚ್ಚಿದರೆ, ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿದೆ! ಒಳಗಿನ ಗಾಳಿಗೆ ದಾರಿಯಿಲ್ಲದೆ, ಒತ್ತಡ ಜಾಸ್ತಿಯಾಗಿ ಆಯಿಲನ್ನು ಸೀಲಿನಿಂದ ಹೊರಗೆ ತಳ್ಳುತ್ತಿತ್ತು. ತಂತಿಯಿಂದ ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದೆ.

4 ದಿನದಿಂದ ಒಂದು ಹನಿಯೂ ಇಲ್ಲ. ಕಾಫಿ ಹೂವಿಗೆ ನೀರು ಕೊಡುವ ಹೊತ್ತು, ತಡವಾದರೆ ಕಷ್ಟ ಅಲ್ವಾ? ಸಮಯಕ್ಕೆ ಹೇಳಿದಿರಿ, ತುಂಬಾ ಥ್ಯಾಂಕ್ಸ್.