ಇರಾನ್ ಅಣು ಒಪ್ಪಂದದ ತಪಾಸಣೆ ಬರೀ ಕಣ್ಣೊರೆಸುವ ತಂತ್ರವಾ?

ಡೊಂಬಿವಲಿ ಲೋಕಲ್:
ನಮ್ಮ ಬೆಳಗಿನ ಲೋಕಲ್ ಗುಂಪಿನಲ್ಲಿ ಇವತ್ತು 2015ರ ಇರಾನ್ ಒಪ್ಪಂದದ ಮಾತು ಬಂತು. ಇರಾನ್ ತನ್ನ ಅಣು ಕೆಲಸಕ್ಕೆ ಮಿತಿ ಹಾಕಿಕೊಂಡು ತಪಾಸಣೆಗೆ ಬಿಡಬೇಕು, ಬದಲಿಗೆ ಅಮೆರಿಕ ಮುಂತಾದವರು ನಿರ್ಬಂಧ ಸಡಿಲಿಸಬೇಕು ಅನ್ನುವ ಒಪ್ಪಂದ ಅದು. ತಪಾಸಕರು ಬರುತ್ತೇವೆ ಅಂದ ಮೇಲೂ ಇರಾನಿಗೆ 24 ದಿನ ಸಿಗುತ್ತಿತ್ತು, ಅಷ್ಟರಲ್ಲಿ ಎಲ್ಲ ಸಾಗಿಸಿ ನೆಲ ಒರೆಸಿಬಿಡಬಹುದಲ್ವಾ, 2018ರಲ್ಲಿ ಟ್ರಂಪ್ ಹೊರಬಂದದ್ದೇ ಸರಿ ಅಂತ ಒಬ್ಬರು ವಾದಿಸಿದರು. ನನಗೆ ಒಪ್ಪಿಗೆಯಾಗಲಿಲ್ಲ. ಆದರೆ ಠಾಣೆ ದಾಟಿದರೂ ಉತ್ತರ ಹೊಳೆಯಲಿಲ್ಲ. ತಿಳಿದವರು ಹೇಳಿ.

ಚೆಂಬೂರು ಮಾವ:
ನಾನು ತಾರಾಪುರದ ಅಣು ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡಿ ನಿವೃತ್ತನಾದವನು. 1969ರಲ್ಲಿ ಶುರುವಾದ ಅಲ್ಲಿನ ಎರಡು ರಿಯಾಕ್ಟರುಗಳಿಗೆ ದಶಕಗಳಿಂದ ಐಎಇಎ, ಅಂದರೆ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆ ಇದೆ. ಯಾರಾದರೂ ಗುಟ್ಟಾಗಿ ತೆರೆದರೆ ಗೊತ್ತಾಗಲಿ ಅಂತ ಅವರು ಹಾಕುವ ಸೀಲು ನೋಡಬೇಕು. ತಾಮ್ರ, ಹಿತ್ತಾಳೆಯ ಎರಡು ಪುಟ್ಟ ಮುಚ್ಚಳ, ಮಧ್ಯೆ ತಂತಿ. ಒಳಮೈಯಲ್ಲಿ ಗೀರುಗಳು, ಒಂದರಂತೆ ಇನ್ನೊಂದಿಲ್ಲ. ಹಾಕುವ ಮುಂಚೆಯೇ ಆ ಗೀರುಗಳ ಚಿತ್ರ ತೆಗೆದಿಟ್ಟಿರುತ್ತಾರೆ, ಬಿಚ್ಚಿದ ಮೇಲೆ ವಿಯೆನ್ನಾಕ್ಕೆ ಒಯ್ದು ತಾಳೆ ನೋಡುತ್ತಾರೆ. ಯಾರನ್ನೂ ನಂಬದೆ ಕೆಲಸ ಮಾಡುವ ಕ್ರಮ ಅದು.

ಈಗ 24 ದಿನದ ಮಾತು. ಅದು ಇರಾನ್ ಘೋಷಿಸದೇ ಇದ್ದ ಜಾಗಗಳಿಗೆ, ಅದೂ ತಕರಾರು ಎದ್ದಾಗ ಮಾತ್ರ, ಗರಿಷ್ಠ ಗಡುವು. ಇರಾನ್ ಘೋಷಿಸಿದ್ದ ನತಾಂಜ್, ಫೋರ್ಡೊ ಅಣು ಘಟಕಗಳಿಗೆ ತಪಾಸಕರು ದಿನಾ ಹೋಗಬಹುದಿತ್ತು. ಇನ್ನು ನೆಲ ಒರೆಸುವುದು. ಯುರೇನಿಯಂ-235 ಅರ್ಧ ಆಗಲಿಕ್ಕೇ ಸುಮಾರು 70 ಕೋಟಿ ವರ್ಷ ಬೇಕು, ಅದರ ಧೂಳಿಗೆ 24 ದಿನ ಯಾವ ಲೆಕ್ಕ? 2003ರಲ್ಲಿ ಟೆಹರಾನಿನ ಕಲಾಯೆ ಎಲೆಕ್ಟ್ರಿಕ್ ಎಂಬ ಜಾಗಕ್ಕೆ ಸ್ಯಾಂಪಲ್ ತೆಗೆಯಲು ಬಿಡದೆ ತಿಂಗಳುಗಟ್ಟಲೆ ಸತಾಯಿಸಿ, ಕಟ್ಟಡವನ್ನೇ ರಿಪೇರಿ ಮಾಡಿಸಿ ಆಮೇಲೆ ಬಾಗಿಲು ತೆರೆದರು. ತಪಾಸಕರು ಬಟ್ಟೆಯಲ್ಲಿ ಒರೆಸಿ ತಂದ ಧೂಳಿನಲ್ಲಿ ಸಂವರ್ಧಿತ ಯುರೇನಿಯಂ, ಅಂದರೆ 235ರ ಪಾಲು ಹೆಚ್ಚಿಸಿದ ಯುರೇನಿಯಂ, ಸಿಕ್ಕಿಯೇ ಸಿಕ್ಕಿತು!

ಪುಣೆ ಪಾಟೀಲ:
ಮಾವಾ, ಎಲ್ಲಾ ಸರಿ, ಆದರೆ 10 ವರ್ಷ, 15 ವರ್ಷ ಅಂತ ಗಡುವು ಇತ್ತಲ್ಲ. ಮುಗಿದ ಮೇಲೆ ಏನು? ಇದೇ ನನಗೆ ದೊಡ್ಡ ತೊಂದರೆ ಅನ್ಸುತ್ತೆ.

ಪಣಜಿ ಉಡುಪಿ:
ಇಲ್ಲಿ ಕೂತವರಿಗೆ ಇದು ದೂರದ ಸುದ್ದಿ ಅನ್ನಿಸಬಹುದು ಮಾರಾಯ್ರೆ, ಆದರೆ ನಮ್ಮ ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆ ಎಂಆರ್‌ಪಿಎಲ್‌ಗೆ ಇರಾನಿನ ಕಚ್ಚಾ ತೈಲ ಬರ್ತಿತ್ತು. ಅಮೆರಿಕದ ನಿರ್ಬಂಧ ಮತ್ತೆ ಬಂದು 2019ರ ಮೇ ತಿಂಗಳಿಗೆ ಭಾರತ ಆ ಖರೀದಿಯನ್ನೇ ನಿಲ್ಲಿಸಿತು.

ಚೆಂಬೂರು ಮಾವ:
ಪಾಟೀಲರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಗಡುವು ಇತ್ತು, ನಿಜ. ಆದರೆ ಎಲ್ಲಾ ಒಟ್ಟಿಗೆ ಮುಗಿಯುತ್ತಿರಲಿಲ್ಲ. ಸಂವರ್ಧನೆಗೆ ಶೇ 3.67ರ ಮಿತಿ, ಸಂವರ್ಧಿತ ಯುರೇನಿಯಂ ದಾಸ್ತಾನಿಗೆ 300 ಕೆಜಿ ಮಿತಿ, ಎರಡೂ 15 ವರ್ಷ, ಸಂವರ್ಧಿಸುವ ಯಂತ್ರವಾದ ಸೆಂಟ್ರಿಫ್ಯೂಜ್ ಬಿಡಿಭಾಗಗಳ ಮೇಲೆ ಕಣ್ಣು 20 ವರ್ಷ, ಗಣಿಯಿಂದ ಬರುವ ಯುರೇನಿಯಂ ಮೇಲೆ 25. ಗಡುವು ಹತ್ತಿರ ಬರುವಾಗ ಕೂತು ಮುಂದುವರಿಸುವ ಮಾತಾಡಬಹುದಿತ್ತು, ಅದಕ್ಕೆ ಮುಂಚೆಯೇ ಅಮೆರಿಕದವರು ಮೇಜು ಬಿಟ್ಟು ಎದ್ದರು. ಅಮೆರಿಕ ಹೊರಹೋಗಿ ಒಂದು ವರ್ಷದ ಮೇಲೂ ಇರಾನ್ ಆ 300 ಕೆಜಿ ದಾಟಿರಲಿಲ್ಲ. ದಾಟಿದ್ದು 2019ರ ಜುಲೈ ಹೊತ್ತಿಗೆ. 2021ರಲ್ಲಿ ಸಂವರ್ಧನೆ ಶೇ 60 ಮುಟ್ಟಿತು, 2022ರಲ್ಲಿ ಐಎಇಎ ಇಟ್ಟಿದ್ದ 27 ಕ್ಯಾಮೆರಾ ಕಿತ್ತರು. 2025ರ ಜೂನ್‌ನಲ್ಲಿ ಬಾಂಬು ಬೀಳುವ ಹೊತ್ತಿಗೆ ಶೇ 60ರದ್ದೇ 400 ಕೆಜಿಗಿಂತ ಜಾಸ್ತಿ ಇತ್ತು, ಆಮೇಲೆ ತಿಂಗಳುಗಳೇ ಕಳೆದರೂ ಅದು ಎಲ್ಲಿದೆ ಅಂತ ತಪಾಸಕರು ಹೋಗಿ ನೋಡಲಾಗಲಿಲ್ಲ. ಸೀಲು, ಕ್ಯಾಮೆರಾ ಇದ್ದಾಗ ಕೆಜಿ ಲೆಕ್ಕ ಅವರ ಪುಸ್ತಕದಲ್ಲಿತ್ತು. ನನಗೆ ನೋವಾಗುವುದು ಇದಕ್ಕೇ.

ಡೊಂಬಿವಲಿ ಲೋಕಲ್:
ಕಲಾಯೆ ಧೂಳಿನ ಕಥೆ ಗೊತ್ತೇ ಇರಲಿಲ್ಲ ಮಾವಾ. ನಾಳೆ ಟ್ರೇನ್ ಹತ್ತಿದ ಕೂಡಲೇ ಅದನ್ನೇ ಮೊದಲು ಹೇಳ್ತೇನೆ.