ಕೆಲಸ ಬಿಟ್ಟು ಭೌತಶಾಸ್ತ್ರದ ಪಿಎಚ್.ಡಿ. ಸೇರಬಹುದೇ? ಅನುಭವಸ್ಥರು ತಿಳಿಸಿ

ಡೊಂಬಿವಲಿಯ ಉಪನ್ಯಾಸಕಿ: ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಇಲ್ಲಿನ ಜೂನಿಯರ್ ಕಾಲೇಜೊಂದರಲ್ಲಿ ಮೂರು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಬಂದಿದೆ, ಮುಂಬೈಯ ಪೊವಾಯಿಯಲ್ಲಿರುವ ಐಐಟಿಯಲ್ಲಿ ಅತಿಶೀತ ಪ್ರಯೋಗಗಳ ತಂಡಕ್ಕೆ ಆಯ್ಕೆಯಾಗಿದ್ದೇನೆ. ಮನೆಯಿಂದಲೇ ಓಡಾಡಿಕೊಂಡು ಐದು ವರ್ಷ ನಿಭಾಯಿಸಬಹುದೇ?

ಪುಣೆಯಿಂದ: ನಾನು 2016ರಲ್ಲಿ ಒಂದು ತಾಂತ್ರಿಕ ವಿಶ್ವವಿದ್ಯಾಲಯವನ್ನು ಸೇರಿದೆ, ಐದು ವರ್ಷವೆಂದುಕೊಂಡದ್ದು ಆರೂವರೆಯಾಯಿತು. ಅದರಲ್ಲಿ ಹನ್ನೊಂದು ತಿಂಗಳು ಹೋದದ್ದು ಒಂದು ಇಂಡಿಯಂ ತಂತಿಯಿಂದ. ಕ್ರಯೋಸ್ಟಾಟ್‌ನ (ಅತಿಶೀತದಲ್ಲಿ ಪ್ರಯೋಗ ನಡೆಸುವ ಪಾತ್ರೆಯ) ಮುಚ್ಚಳದಡಿ, ಸೋರದಿರಲೆಂದು, ಆ ಮೆತ್ತನೆಯ ಲೋಹದ ತಂತಿಯನ್ನು ಸುತ್ತಿಟ್ಟು ಬೋಲ್ಟು ಬಿಗಿದರೆ ಲೀಕ್ ಡಿಟೆಕ್ಟರ್ ಏನನ್ನೂ ತೋರಿಸುತ್ತಿರಲಿಲ್ಲ, ದ್ರವ ಸಾರಜನಕದ 77 ಕೆಲ್ವಿನ್‌ನಲ್ಲೂ ಎಲ್ಲ ಸರಿಯಿರುತ್ತಿತ್ತು, 4.2 ಕೆಲ್ವಿನ್‌ನ ದ್ರವ ಹೀಲಿಯಂ ತುಂಬಿದ ಮೇಲೆಯೇ ಸೋರಿಕೆ ಶುರುವಾಗುತ್ತಿತ್ತು. ಪ್ರತಿ ಬಾರಿಯೂ ಬೆಚ್ಚಗಾಗಲು ಎರಡು ದಿನ, ಬಿಚ್ಚಿ ಹೊಸ ತಂತಿ ಕೂರಿಸಲು ಇನ್ನೊಂದು ದಿನ. ಇದರ ನಡುವೆ ಎಸ್‌ಆರ್‌ಎಫ್‌ಗೆ (ಹಿರಿಯ ಸಂಶೋಧನಾ ಫೆಲೋಶಿಪ್‌ಗೆ) ಏರಿಸುವ ಸಮಿತಿ ಸೇರದೆ ಏಳು ತಿಂಗಳು ಫೆಲೋಶಿಪ್ ನಿಂತಿತು. ತಿಂಗಳಿಗೆ 9,000ದಂತೆ 63,000 ರೂಪಾಯಿ ಬಾಡಿಗೆಯನ್ನು ಅಣ್ಣ ಕಟ್ಟಿದ. ಅವನು ಇಂದಿಗೂ ಕೇಳಿಲ್ಲ, ನಾನು ಮರೆತಿಲ್ಲ.

ವಾಸ್ಕೋದಿಂದ: ಒಂದು ಸೋರಿಕೆಯ ಕಥೆಯಿಂದ ಹುಡುಗಿಯನ್ನು ಹೆದರಿಸಬೇಡಿ. ನಾನು ಸೈದ್ಧಾಂತಿಕ ಭೌತಶಾಸ್ತ್ರದವನು, ಐದು ವರ್ಷ ಎರಡು ತಿಂಗಳಲ್ಲಿ ಪ್ರಬಂಧ ಒಪ್ಪಿಸಿದೆ. ಗೈಡ್ ಆರಿಸುವ ಮುನ್ನ ಅವರ ನಾಲ್ವರು ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ಮಾತನಾಡಿಸಿದ್ದೆ. ಯೋಚಿಸಿ ಸೇರಿದವರಿಗೆ ತಡವಾಗುವುದಿಲ್ಲ.

ಪುಣೆಯಿಂದ: ಹಾಗಾದರೆ ನಾನು ಯೋಚಿಸದೆ ಸೇರಿದೆನೇ? ನಿಮ್ಮ ಲೆಕ್ಕ ತಪ್ಪಿದರೆ ಅಂದೇ ಅಳಿಸಿ ಬರೆಯಬಹುದು. ಆವಿಯಾಗಿ ಹೋದ ಹೀಲಿಯಂಗೆ ಮತ್ತೆ ಇಂಡೆಂಟ್ (ಬೇಡಿಕೆ ಪತ್ರ) ಹಾಕಿ ವಾರಗಟ್ಟಲೆ ಕಾಯಬೇಕು, ಸ್ವಾಮಿ.

ಥಾಣೆಯಿಂದ: ನಿಮ್ಮಿಬ್ಬರ ಜಗಳದಲ್ಲಿ ನಡುವೆ ಬಿಟ್ಟುಬಂದವರಿಗೆ ಜಾಗವೇ ಇಲ್ಲ. ನಾನು ನಾಲ್ಕನೆಯ ವರ್ಷದಲ್ಲಿ ಬಿಟ್ಟೆ. ಜೆಆರ್‌ಎಫ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ 42,000 ಆಗಿದೆ. ನನ್ನ ಕಾಲಕ್ಕೆ 31,000 ಮತ್ತು 35,000 ಇತ್ತು, ಅಪ್ಪನಿಗೆ ವಾರಕ್ಕೆ ಮೂರು ಡಯಾಲಿಸಿಸ್. ನಾನು ಮಾಡಿದ ಅಳತೆಗಳು ಕಿರಿಯನೊಬ್ಬನ ಪ್ರಬಂಧದ ಮೂರನೆಯ ಅಧ್ಯಾಯವಾದವು, ನನ್ನ ಹೆಸರು ಕೃತಜ್ಞತೆಯ ಪುಟದಲ್ಲಿದೆ. ಇದರಲ್ಲಿ ನಾನು ಯೋಚಿಸದೆ ಮಾಡಿದ್ದು ಯಾವುದೆಂದು ವಾಸ್ಕೋದವರು ಹೇಳಬೇಕು.

ವಾಸ್ಕೋದಿಂದ: ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಿ. ಹಳೆಯ ವಿದ್ಯಾರ್ಥಿಗಳನ್ನು ಕೇಳಿಯೇ ಗೈಡ್ ಆರಿಸಬೇಕೆಂಬುದನ್ನು ಮಾತ್ರ ಬಿಡಲಾರೆ.

ಡೊಂಬಿವಲಿಯ ಉಪನ್ಯಾಸಕಿ: ಎಲ್ಲರಿಗೂ ವಂದನೆಗಳು. ಓಡಾಟದ ವಿಷಯವನ್ನೂ ದಯವಿಟ್ಟು ತಿಳಿಸಿ.

ಪುಣೆಯಿಂದ: ಸ್ಲೋ ಲೋಕಲ್‌ನಲ್ಲಿ ಬಂದು ಕಾಂಜುರ್‌ಮಾರ್ಗ್‌ನಲ್ಲಿ ಇಳಿಯಿರಿ, ಅಲ್ಲಿಂದ ಪೊವಾಯಿ ಹತ್ತಿರ. ಕೋರ್ಸ್‌ವರ್ಕ್ ಮುಗಿಯುವವರೆಗೆ ಮನೆಯಿಂದ ಸಾಗುತ್ತದೆ, ತಂಗಿ. ಪ್ರಯೋಗಕ್ಕೆ ಇಳಿದ ಮೇಲೆ ಹಾಸ್ಟೆಲ್ ಕೋಣೆ ಬೇಕೇ ಬೇಕು. ಹೀಲಿಯಂ ತುಂಬಿದ ದಿನ ಅದು ತೀರುವವರೆಗೂ ಅಳತೆ ನಡೆಯುತ್ತದೆ, ರಾತ್ರಿ ಎರಡು ಗಂಟೆಗೂ ಅದರ ಮಟ್ಟ ನೋಡಲು ಯಾರಾದರೊಬ್ಬರು ಪಕ್ಕದಲ್ಲಿರಬೇಕು.