ಹುಲ್ಲು ಕತ್ತರಿಸುವ ಯಂತ್ರ: ಆಯಿಲ್ ಬದಲಿಸಿದ ಮೇಲೆ ಹೊಗೆ, ಸಹಾಯ ಬೇಕು

ಎಲ್ಲರಿಗೂ ಶರಣು. ಕಲಬುರಗಿಯ ನಮ್ಮ ಬಡಾವಣೆಯ ಉದ್ಯಾನದಲ್ಲಿ ತಳ್ಳಿಕೊಂಡು ಹೋಗುವ, ನಾಲ್ಕು ಸ್ಟ್ರೋಕಿನ ಪೆಟ್ರೋಲ್ ಯಂತ್ರವೊಂದಿದ್ದು, ಅದರ ಉಸ್ತುವಾರಿ ನನ್ನ ಪಾಲಿಗೆ ಬಂದಿದೆ. 50 ಗಂಟೆ ಓಡಿದ್ದರಿಂದ ಕಳೆದ ಭಾನುವಾರ ಪ್ಲಗ್ಗಿನ ವೈರ್ ಕಳಚಿ, ಯಂತ್ರವನ್ನು ಓರೆ ಮಾಡಿ, ಡಾಂಬರಿನಂತೆ ಕಪ್ಪಾಗಿದ್ದ ಹಳೆಯ ಆಯಿಲನ್ನು ಬಸಿದೆ. ಏರ್ ಫಿಲ್ಟರ್ ಇರುವ ಬದಿ ಮೇಲಿರಬೇಕೆಂಬುದು ತಿಳಿಯದೆ ಅದನ್ನೇ ಕೆಳಗೆ ಮಾಡಿದ್ದು ನನ್ನ ತಪ್ಪು. ಸಾಲದೆಂಬಂತೆ ಹೊಸ ಆಯಿಲನ್ನು ಅಳೆಯದೆ ಅಂದಾಜಿನ ಮೇಲೆ ಸುರಿದೆ. ಅಳತೆಯ ಕಡ್ಡಿಯಲ್ಲಿ ಅದು ಮೇಲಿನ ಗೀಟನ್ನು ಒಂದು ಬೆರಳಿನಷ್ಟು ದಾಟಿತ್ತು.

ಚಾಲೂ ಮಾಡಿದೊಡನೆ ನೀಲಿ ಛಾಯೆಯ ಬಿಳಿ ಹೊಗೆ ಅಂಗಳವನ್ನೆಲ್ಲ ತುಂಬಿತು. ಹೆಚ್ಚಾದ ಆಯಿಲನ್ನು ತೆಗೆದು ಎರಡು ಗೀಟುಗಳ ನಡುವೆ ತಂದೆ. ಆಯಿಲಿನಲ್ಲಿ ನೆನೆದಿದ್ದ ಕಾಗದದ ಫಿಲ್ಟರನ್ನೂ ಬದಲಿಸಿದೆ. ಹೊಗೆ ಕಡಿಮೆಯಾಗಿದೆ, ಆದರೆ ಹತ್ತು ನಿಮಿಷ ಓಡಿಸಿದರೂ ಪೂರ್ತಿ ನಿಂತಿಲ್ಲ. ಎಂಜಿನ್ನಿನ ಜೋರು ಮಾತ್ರ ಕುಂದಿಲ್ಲ. ಬೈಕ್ ರಿಪೇರಿಯವರೊಬ್ಬರು ಯಂತ್ರವನ್ನು ನೋಡದೆಯೇ ಎಂಜಿನ್ನಿನೊಳಗಿನ ಪಿಸ್ಟನ್ ರಿಂಗ್ ಹಾಳಾಗಿದೆ ಎಂದುಬಿಟ್ಟರು.

ಸೈಲೆನ್ಸರಿನಲ್ಲಿ ಉಳಿದ ಆಯಿಲ್ ಸುಟ್ಟು ಈ ಹೊಗೆ ತಾನಾಗಿಯೇ ನಿಲ್ಲುವುದೇ, ಅಥವಾ ಎಂಜಿನ್ ಬಿಚ್ಚಿಸಲೇಬೇಕೇ? ಜೊತೆಗೆ, 40 ಡಿಗ್ರಿ ದಾಟುವ ನಮ್ಮ ಬೇಸಿಗೆಗೆ ಎಸ್‌ಎಇ 30 ಹಾಗೂ 10ಡಬ್ಲ್ಯೂ-30 ಆಯಿಲುಗಳಲ್ಲಿ ಯಾವುದನ್ನು ಹಾಕಬೇಕೆಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.